ಎರಡು ನಿಮಿಷದ ನಿಲುಗಡೆ

ಸಂಸತ್ತಿನ ಸದನದಲ್ಲಿ ಯಾರಾದರೂ ಕನ್ನಡದಲ್ಲಿ ಮಾತಾಡಿದರೆ ಅದನ್ನು ಅದೇ ಹೊತ್ತಿಗೆ ಇಂಗ್ಲಿಷಿನಲ್ಲಿ ಹೇಳುವುದು ನನ್ನ ಕೆಲಸ. ಕೂರುವುದು ಮೇಲೆ, ಗಾಜಿನ ಬೂತಿನಲ್ಲಿ. ಒಳಗೆ ಎರಡು ಕುರ್ಚಿ, ಎರಡು ಮೈಕು, ಎರಡು ಹೆಡ್‌ಫೋನು, ನೀರಿನ ಬಾಟಲಿ. ಕೆಳಗೆ ಸದಸ್ಯರು "ನಾನು" ಅಂದರೆ ನಾನೂ "ನಾನು" ಅನ್ನಬೇಕು. "ಸದಸ್ಯರು ಹೀಗೆ ಹೇಳುತ್ತಿದ್ದಾರೆ" ಅನ್ನುವಂತಿಲ್ಲ. ಹಾಗಾಗಿ ಒಂದೇ ವಾರದಲ್ಲಿ ನನ್ನ ಮನೆಗೆ ನೆರೆ ನುಗ್ಗಿರುತ್ತದೆ, ನನ್ನ ಈರುಳ್ಳಿ ಕೊಳೆತಿರುತ್ತದೆ, ನನ್ನ ಜಿಲ್ಲಾಸ್ಪತ್ರೆಯಲ್ಲಿ ಡಾಕ್ಟರು ಇರುವುದಿಲ್ಲ. ಸಂಜೆ ದೆಹಲಿಯ ಮುನಿರ್ಕಾದ ಬಾಡಿಗೆ ಕೋಣೆಗೆ ಬಂದು ಅನ್ನಕ್ಕಿಡುವಾಗ ಇವುಗಳಲ್ಲಿ ಒಂದೂ ನನ್ನೊಳಗೆ ಉಳಿದಿರುವುದಿಲ್ಲ. ಮೊದಮೊದಲು ಅದಕ್ಕೆ ಭಯವಾಗುತ್ತಿತ್ತು. ಈಗ ಆಗುವುದಿಲ್ಲ.

ದಿನಚರಿ ಬರೆಯುವ ಅಭ್ಯಾಸ ಕಾಲೇಜಿನಿಂದ ಇದೆ. ತಾರೀಖು, ವಾರ, ಯಾರು ಮಾತಾಡಿದರು, ಯಾವ ವಿಷಯ, ಎಷ್ಟು ನಿಮಿಷ. ಅನಿಸಿದ್ದನ್ನು ಬರೆಯುವುದಿಲ್ಲ, ಬರೆಯುವಂಥದ್ದು ಸಾಮಾನ್ಯವಾಗಿ ಇರುವುದಿಲ್ಲ. ಇಲ್ಲಿ ಬರೆಯುತ್ತಿರುವುದು ಆ ದಿನಚರಿ ನೋಡಿಕೊಂಡೇ. ತಾರೀಖುಗಳನ್ನೂ ಹೆಸರುಗಳನ್ನೂ ಬಿಟ್ಟಿದ್ದೇನೆ.

ನಾನು ಕೆಲಸಕ್ಕೆ ಸೇರಿದಾಗ ಯಾವಾಗಲೂ ಕನ್ನಡದಲ್ಲೇ ಮಾತಾಡುವ ಸದಸ್ಯರು ಒಬ್ಬರಿದ್ದರು. ಬಯಲುಸೀಮೆಯ ಕ್ಷೇತ್ರ. ಆರು ಸಲ ನಿಂತು ಐದು ಸಲ ಗೆದ್ದವರು. ಕನ್ನಡದಲ್ಲಿ ಮಾತಾಡುವುದಾದರೆ ಮುಂಚೆಯೇ ತಿಳಿಸಬೇಕು, ಇಲ್ಲದಿದ್ದರೆ ಬೂತಿನಲ್ಲಿ ನಾವು ಇರುವುದಿಲ್ಲ. ಉಳಿದವರು ಮರೆಯುತ್ತಿದ್ದರು, ಆಮೇಲೆ ಕೆಳಗಿನಿಂದ ನಮ್ಮ ಕಡೆ ಸಿಟ್ಟಿನಿಂದ ನೋಡುತ್ತಿದ್ದರು. ಇವರು ಒಮ್ಮೆಯೂ ಮರೆತವರಲ್ಲ. ಬೆಳಿಗ್ಗೆಯೇ ಅವರ ಕಾರ್ಯದರ್ಶಿ ಭಾಷಣದ ಪ್ರತಿ ತಂದುಕೊಡುತ್ತಿದ್ದ. ನಾನು ಅದನ್ನು ಇಂಗ್ಲಿಷಿಗೆ ತಂದು ಎದುರಿಗಿಟ್ಟುಕೊಂಡು ಕಾಯುತ್ತಿದ್ದೆ.

ಮೊದಲ ದಿನ ಪಕ್ಕದ ಕುರ್ಚಿಯಲ್ಲಿದ್ದ ಹಿರಿಯ ಸಹೋದ್ಯೋಗಿ ಎಚ್ಚರಿಕೆ ಕೊಟ್ಟಿದ್ದರು. ಅವರು ಲೋಧಿ ಕಾಲೋನಿಯ ಸರ್ಕಾರಿ ಫ್ಲಾಟಿನವರು, ಈ ಬೂತಿನಲ್ಲಿ ಕೂದಲು ಬೆಳ್ಳಗಾದವರು.

"ಇವ್ರು ಪ್ಯಾಸೆಂಜರ್ ಗಾಡಿ ಕಣಮ್ಮ. ಎಲ್ಲಾ ಕಡೆ ನಿಂತು ನಿಂತು ಹೋಗ್ತಾರೆ. ನೀನು ಅವಸರ ಮಾಡ್ಬೇಡ. ಅವರು ಬಾಯಿ ಮುಚ್ಚಿದ್ರೆ ನೀನೂ ಮುಚ್ಚು."

"ಪ್ರತಿ ಕೈಯಲ್ಲೇ ಇದೆಯಲ್ಲ ಸರ್."

"ಅದೇ ಅಪಾಯ," ಎಂದರು.

ಎರಡನೇ ಅಧಿವೇಶನದಲ್ಲಿ ಆ ಸದಸ್ಯರೇ ನನ್ನನ್ನು ಮನೆಗೆ ಕರೆಸಿದರು. ತಮ್ಮ ದನಿಯಾಗಿ ಇಂಗ್ಲಿಷ್ ಮಾತಾಡುವವಳು ಯಾರು ಅಂತ ನೋಡಬೇಕಿತ್ತಂತೆ. ಅವರ ಫ್ಲಾಟಿನ ಹಜಾರದಲ್ಲಿ ಕ್ಷೇತ್ರದಿಂದ ಬಂದವರು ಚಾಪೆ ಹಾಸಿಕೊಂಡು ಮಲಗಿದ್ದರು, ಆಸ್ಪತ್ರೆಗೆ ಬಂದವರು, ಪರೀಕ್ಷೆ ಬರೆಯಲು ಬಂದವರು. ಊಟಕ್ಕೆ ರೊಟ್ಟಿ, ಹೆಸರುಕಾಳು ಪಲ್ಯ, ಚಟ್ನಿಪುಡಿ.

"ಏನವ್ವ, ಹೋದ ವಾರ ನಾನು ಇಂಗ್ಲಿಷ್‌ನಾಗೆ ಚೆನ್ನಾಗಿ ಬೈದ್ನಂತೆ? ಪಕ್ಕದ ಸೀಟಿನೋರು ಹೇಳಿದ್ರು."

"ನೀವು ಎಷ್ಟು ಬೈದ್ರೋ ಅಷ್ಟೇ ಸರ್."

"ಇಂಗ್ಲಿಷ್ ಓದ್ತೀನಿ, ಅರ್ಥನೂ ಆಗ್ತೈತೆ. ಅದ್ರಾಗೆ ಜಗಳ ಆಡೋಕೆ ಬರಲ್ಲ. ಇಲ್ಲಿಗೆ ಜನ ಕಳಿಸಿದ್ದು ಜಗಳ ಆಡೋಕೆ ತಾನೆ. ಅದಕ್ಕೆ ಕನ್ನಡ."

ಅವರ ಕಥೆ ನನಗೆ ತುಂಡುತುಂಡಾಗಿ ಸಿಕ್ಕಿದ್ದು ಆಮೇಲೂ ಕರೆದ ಇಂಥ ಊಟಗಳಲ್ಲಿ. ತಾಲ್ಲೂಕು ಕೋರ್ಟಿನಲ್ಲಿ ಒಬ್ಬ ವಕೀಲರ ಹತ್ತಿರ ಗುಮಾಸ್ತರಾಗಿದ್ದರು. ಜನರ ಅರ್ಜಿ ಬರೆದುಕೊಡುತ್ತಾ ಊರೂರಿನ ಜಗಳ ಗೊತ್ತಾಯಿತು, ತಾಲ್ಲೂಕು ಬೋರ್ಡಿಗೆ ನಿಂತರು. ಅಲ್ಲಿಂದ ದೆಹಲಿಗೆ ಬರಲು ಹದಿನೈದು ವರ್ಷ ಹಿಡಿಯಿತು. ಮಂತ್ರಿ ಆಗಲಿಲ್ಲ. ಎರಡು ಸಲ ಹೆಸರು ಓಡಾಡಿತ್ತಂತೆ, ಎರಡು ಸಲವೂ ಹೊಸ ಕೋಟು ಹೊಲಿಸಿದ್ದರಂತೆ. "ಕೋಟು ಈಗ್ಲೂ ಐತೆ. ಮದುವೆಗೆ ಹೋದ್ರೆ ಹಾಕ್ಕೊತೀನಿ." ಕ್ಷೇತ್ರಕ್ಕೆ ಏನು ಮಾಡಿದಿರಿ ಎಂದು ಯಾರಾದರೂ ಕೇಳಿದರೆ ಆದದ್ದಕ್ಕಿಂತ ಆಗದ್ದನ್ನು ಮೊದಲು ಹೇಳುತ್ತಿದ್ದರು. ಪಾಲಿಟೆಕ್ನಿಕ್ ತಂದರು, ಮೇಷ್ಟ್ರುಗಳು ಬರಲಿಲ್ಲ. ರೈಲ್ವೆ ಗೇಟಿನ ಹತ್ತಿರ ಅಂಡರ್‌ಪಾಸ್ ತಂದರು. "ಮಳೆ ಬಂದ್ರೆ ಅದ್ರಾಗೆ ಮೀನು ಹಿಡೀತಾರೆ. ನನ್ನ ಹೆಸರೇ ಇಟ್ಟವ್ರೆ ಅದಕ್ಕೆ, ಇಂಥವರ ಕೆರೆ ಅಂತ."

ಪೂರ್ತಿ ಆದ ಕೆಲಸ ಅಂತ ಅವರು ಒಪ್ಪಿಕೊಳ್ಳುತ್ತಿದ್ದದ್ದು ಒಂದನ್ನೇ. ಅವರ ಊರಿನ ಸ್ಟೇಷನ್ನಿನಲ್ಲಿ ದೆಹಲಿಯ ಎಕ್ಸ್‌ಪ್ರೆಸ್ ರೈಲು ನಿಲ್ಲುತ್ತಿರಲಿಲ್ಲ. ಮೊದಲ ಚುನಾವಣೆಯಲ್ಲಿ ಅವರು ಕೊಟ್ಟ ಮಾತು ಅದು, ಗೆದ್ದದ್ದೂ ಅದರಿಂದಲೇ. ನಾಲ್ಕು ವರ್ಷ ಸದನದಲ್ಲಿ ಅದನ್ನೇ ಕೇಳಿ ಕೇಳಿ ಎರಡು ನಿಮಿಷದ ನಿಲುಗಡೆ ತಂದರು. ಮೊದಲ ದಿನ ಜನ ಇಂಜಿನ್ನಿಗೆ ಪೂಜೆ ಮಾಡಿ ತೆಂಗಿನಕಾಯಿ ಒಡೆಯುತ್ತಾ ಗಾಡಿಯನ್ನು ಅರ್ಧ ಗಂಟೆ ತಡ ಮಾಡಿದ್ದರಂತೆ. ಆಮೇಲೆ ಆ ಎರಡು ನಿಮಿಷ ಊರಿನ ಅಭ್ಯಾಸವಾಯಿತು. ಮೆಣಸಿನಕಾಯಿ ವ್ಯಾಪಾರದವರು, ದೊಡ್ಡಾಸ್ಪತ್ರೆಗೆ ಹೋಗುವ ರೋಗಿಗಳು, ಸೈನ್ಯದಲ್ಲಿರುವ ಹುಡುಗರು ಎಲ್ಲರೂ ಅಲ್ಲೇ ಹತ್ತಿ ಅಲ್ಲೇ ಇಳಿಯುತ್ತಿದ್ದರು.

ಕೊರೋನಾ ಬಂದಾಗ ರೈಲುಗಳೆಲ್ಲ ನಿಂತವು. ಮತ್ತೆ ಓಡಲು ಶುರುವಾದಾಗ ಹೊಸ ವೇಳಾಪಟ್ಟಿಯಲ್ಲಿ ಅವರ ಊರಿನ ನಿಲುಗಡೆ ಇರಲಿಲ್ಲ. ತಾತ್ಕಾಲಿಕ ಎಂದರು. ಇವರು ಕಾಗದ ಬರೆದರು, ಮಂತ್ರಿಯನ್ನು ಕಂಡರು, ಮಂತ್ರಿ ಬದಲಾದ ಮೇಲೆ ಹೊಸ ಮಂತ್ರಿಯನ್ನು ಕಂಡರು. ನಾನು ಬಂದಮೇಲೆ ನನ್ನ ದನಿಯಲ್ಲೇ ಅವರು ಅದನ್ನು ಆರು ಸಲ ಕೇಳಿದ್ದು ದಿನಚರಿಯಲ್ಲಿದೆ. ಉತ್ತರಗಳಲ್ಲಿ ಪರಿಶೀಲಿಸಲಾಗುತ್ತಿದೆ ಎಂದಿರುತ್ತಿತ್ತು. ಊರಿನವರು ಈಗ ಮುಂದಿನ ಜಂಕ್ಷನ್ನಿನಲ್ಲಿ ಇಳಿದು ಬಸ್ಸಿನಲ್ಲಿ ವಾಪಸು ಬರುತ್ತಾರೆ. ಅವರೂ ಹಾಗೇ ಬರುತ್ತಾರೆ.

ಕೊನೆಯ ಅಧಿವೇಶನಕ್ಕೆ ಮುಂಚೆ ಅವರ ಪಕ್ಷದವರು ಈ ಸಲ ಟಿಕೆಟ್ ಇಲ್ಲ ಎಂದು ತಿಳಿಸಿದರು. ಹೊಸಬರಿಗೆ ಅವಕಾಶ ಕೊಡಬೇಕಂತೆ. ಇದನ್ನು ಅವರು ನನಗೆ ಹೇಳಿದ್ದು ಮಜ್ಜಿಗೆ ಬಡಿಸಿಕೊಳ್ಳುತ್ತಾ.

"ವಯಸ್ಸಾಯ್ತು ಅಂದ್ರು. ಅದೇನು ಸುಳ್ಳಲ್ಲ."

"ಬೇಜಾರಾಯ್ತಾ ಸರ್?"

"ಬೇಜಾರಿಗೆ ಟೈಮಿಲ್ಲ ತಾಯಿ. ನಿಲುಗಡೆ ತರ್ತೀನಿ ಅಂತ ಬಂದೆ, ತಂದೆ, ಹೋಯ್ತು. ಈಗ ನಾನೂ ಹೋದ್ರೆ ಬಂದಿದ್ದೂ ಇಲ್ಲ ಹೋಗಿದ್ದೂ ಇಲ್ಲ ಅನ್ನಂಗಾಗ್ತೈತೆ. ಇನ್ನೊಂದು ಸಲ ಕೇಳ್ಬೇಕು. ಉತ್ತರ ಬರವಣಿಗೇಲಿ ತಗೋಬೇಕು. ಅಷ್ಟು ಆದ್ರೆ ಬರೋ ಹುಡುಗ ಅದನ್ನ ಹಿಡ್ಕೊಂಡು ಮುಂದೆ ಹೋಗ್ತಾನೆ."

ರೈಲ್ವೆ ಮೇಲಿನ ಚರ್ಚೆಯಲ್ಲಿ ಮಾತಾಡಲು ಹೆಸರು ಕೊಟ್ಟರು. ಪಕ್ಷಕ್ಕೆ ಸಿಕ್ಕ ಸಮಯವನ್ನೆಲ್ಲ ಮುಂದಿನ ಸಾಲಿನವರು ಮುಗಿಸಿದರು. ಸಮಯ ಸಿಗದವರು ಭಾಷಣವನ್ನು ಬರವಣಿಗೆಯಲ್ಲಿ ಸಲ್ಲಿಸಬಹುದು ಎಂದು ಸಭಾಧ್ಯಕ್ಷರ ಪೀಠದಿಂದ ಹೇಳಿದರು. ಅದೊಂದು ಪದ್ಧತಿ. ಕಾಗದವನ್ನು ಮೇಜಿನ ಮೇಲಿಟ್ಟರೆ ಮಾತಾಡಿದ ಹಾಗೇ ದಾಖಲೆಯಲ್ಲಿ ಅಚ್ಚಾಗುತ್ತದೆ. ಸುಮಾರು ಜನ ಎದ್ದುಹೋಗಿ ಇಟ್ಟು ಬಂದರು. ಇವರು ಕೂತಲ್ಲೇ ಕೂತಿದ್ದರು. ನಾನು ಮಧ್ಯಾಹ್ನದಿಂದ ಹೆಡ್‌ಫೋನ್ ಹಾಕಿಕೊಂಡು ಅವರ ಪ್ರತಿಯನ್ನು ಎದುರಿಗಿಟ್ಟುಕೊಂಡಿದ್ದೆ. ಪಕ್ಕದ ಕುರ್ಚಿಯ ಹಿರಿಯರು ಡಬ್ಬಿಯಿಂದ ಮೊಸರನ್ನ ತಿನ್ನುತ್ತಾ, "ಇವತ್ತೂ ಇಡಲ್ಲ ಇವ್ರು. ಇಷ್ಟು ವರ್ಷದಲ್ಲಿ ಒಂದು ಸಲ ಇಟ್ಟಿದ್ದು ನಾನು ನೋಡಿಲ್ಲ," ಎಂದರು.

ಕಾರಿಡಾರಿನಲ್ಲಿ ಸಿಕ್ಕಾಗ ಕೇಳಿದೆ, ಇಟ್ಟುಬಿಡಬಹುದಿತ್ತಲ್ಲ ಸರ್ ಎಂದು.

"ಇಟ್ರೆ ಊರಿನೋರಿಗೆ ಕೇಳ್ಸಲ್ವಲ್ಲ," ಎಂದರು. "ಅವ್ರು ಟೀವಿ ಮುಂದೆ ಕೂತಿರ್ತಾರೆ. ಬಾಯಿ ತೆಗೆದ್ರೆ ಮಾತ್ರ ಲೆಕ್ಕ."

ಉಳಿದದ್ದು ಶೂನ್ಯವೇಳೆ. ಪ್ರಶ್ನೋತ್ತರ ಮುಗಿದ ಮೇಲೆ ಸದಸ್ಯರು ತಮ್ಮ ಕಡೆಯ ತುರ್ತು ವಿಷಯ ಎತ್ತುವ ಹೊತ್ತು. ಚೀಟಿ ಎತ್ತಿದಾಗ ಹೆಸರು ಬರಬೇಕು. ಬಂದರೆ ಒಂದೆರಡು ನಿಮಿಷ. ಅಷ್ಟರಲ್ಲಿ ಮುಗಿಸದಿದ್ದರೆ ಪೀಠದಲ್ಲಿ ಕೂತವರು ಮುಂದಿನ ಹೆಸರು ಕರೆಯುತ್ತಾರೆ, ಮೈಕು ಆ ಕಡೆ ಹೋಗುತ್ತದೆ. ಆ ವಾರ ಬುಧವಾರ ಇವರ ಹೆಸರು ಬಂತು. ಪ್ರತಿ ಒಂದು ಪುಟದ್ದು, ಮೂರು ಭಾಗ. ನಿಲುಗಡೆ ಹೇಗೆ ಬಂತು, ಹೇಗೆ ಹೋಯಿತು. ಅದರಿಂದ ಯಾರಿಗೆ ತೊಂದರೆ. ಕೊನೆಯಲ್ಲಿ ಬೇಡಿಕೆ: ನಿಲುಗಡೆ ಮತ್ತೆ ಕೊಡಬೇಕು, ಯಾವಾಗ ಕೊಡುತ್ತೀರಿ ಎಂದು ಲಿಖಿತ ಉತ್ತರ ಕೊಡಬೇಕು. ನಾನು ಬೆಳಿಗ್ಗೆಯೇ ಗಡಿಯಾರ ಇಟ್ಟುಕೊಂಡು ಅವರ ವೇಗದಲ್ಲಿ ಓದಿ ನೋಡಿದ್ದೆ. ಸಮಯದೊಳಗೆ ಮುಗಿಯುತ್ತಿತ್ತು.

ಅವರು ಎದ್ದು ನಿಂತು ಪ್ರತಿಯನ್ನು ಮೇಜಿನ ಮೇಲೆ ಮಗುಚಿಟ್ಟರು.

ಇದು ಬಹುಶಃ ಈ ಸದನದಲ್ಲಿ ನನ್ನ ಕೊನೆಯ ಮಾತು ಎಂದರು. ನಾನೂ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಕ್ಷೇತ್ರದ ಜನಕ್ಕೆ ನಮಸ್ಕಾರ ಹೇಳಿದರು. ಬಾಗಿಲಲ್ಲಿ ನಿಲ್ಲುವವರಿಗೆ, ಕ್ಯಾಂಟೀನಿನಲ್ಲಿ ಸಕ್ಕರೆ ಇಲ್ಲದ ಚಹಾ ನೆನಪಿಟ್ಟುಕೊಂಡು ಕೊಟ್ಟವರಿಗೆ ನಮಸ್ಕಾರ ಹೇಳಿದರು. ನಡುವೆ ನಿಂತು ನಿಂತು. ಆಮೇಲೆ ತಲೆ ಎತ್ತಿ ಬೂತಿನ ಕಡೆ ನೋಡಿ, ನನ್ನ ಮಾತನ್ನು ನಿಮಗೆಲ್ಲ ಮುಟ್ಟಿಸಿದ, ಮೇಲೆ ಗಾಜಿನ ಹಿಂದೆ ಕೂತಿರುವ ನಮ್ಮ ಹಿರಿಯರಿಗೂ ನಮ್ಮ ಹುಡುಗಿಗೂ ನಮಸ್ಕಾರ ಎಂದರು. ಕೆಲವು ಸದಸ್ಯರು ತಿರುಗಿ ಮೇಲೆ ನೋಡಿದರು. ಗಾಜಿನ ಹಿಂದೆ ಕೂತಿರುವ ನಮ್ಮ ಹುಡುಗಿಗೆ ನಾನು ನಮಸ್ಕಾರ ಹೇಳುತ್ತೇನೆ ಎಂದು ನಾನೇ ಇಂಗ್ಲಿಷಿನಲ್ಲಿ ಹೇಳಿದೆ. ಅವರು ನನ್ನ ಹೆಸರು ಹಿಡಿದು ಹೇಳಿದ್ದರೂ ನಾನು ಅದನ್ನು ಹಾಗೇ ಹೇಳಬೇಕಾಗುತ್ತಿತ್ತು.

ಸಮಯ ಮುಗಿಯುತ್ತಾ ಬಂತೆಂದು ಪೀಠದಿಂದ ಗಂಟೆ ಬಾರಿಸಿದ್ದು ಆಗ.

ಅವರು ಪ್ರತಿ ತಿರುಗಿಸಿ ಕನ್ನಡಕ ಹಾಕಿಕೊಂಡರು. ಮೊದಲ ವಾಕ್ಯ ಓದಿದರು. ನಿಂತರು. ಎರಡನೆಯ ವಾಕ್ಯ ಓದಿದರು. ನನ್ನ ಎದುರಿಗೆ ಅದೇ ಪುಟ ಇಂಗ್ಲಿಷಿನಲ್ಲಿತ್ತು. ಉಳಿದಿರುವ ಸಮಯ ಎಷ್ಟು ಎಂದು ನನಗೆ ಗೊತ್ತಿತ್ತು, ಅವರ ವೇಗ ಎಷ್ಟು ಎಂದೂ ಗೊತ್ತಿತ್ತು. ಅವರು ಮೂರನೆಯ ವಾಕ್ಯಕ್ಕೆ ಉಸಿರು ತೆಗೆದುಕೊಳ್ಳುವಾಗ ನಾನು ಅದನ್ನು ಹೇಳಿ ಆಗಿತ್ತು. ಆಮೇಲೆ ನಾನು ನಿಲ್ಲಲಿಲ್ಲ. ರೋಗಿಗಳನ್ನು ಹೇಳಿದೆ, ಸೈನಿಕರನ್ನು ಹೇಳಿದೆ, ಬೇಡಿಕೆ ಹೇಳಿದೆ, ಲಿಖಿತ ಉತ್ತರ ಬೇಕು ಎಂದೆ. ಹಿರಿಯರು ನನ್ನ ಮೊಣಕೈ ಮುಟ್ಟಿದರು. ಅಷ್ಟರಲ್ಲಿ ಪುಟ ಮುಗಿದಿತ್ತು.

ಕೆಳಗೆ ಅವರು, ಕೊರೋನಾದಲ್ಲಿ ರದ್ದಾದ ನಿಲುಗಡೆ ಇನ್ನೂ ವಾಪಸು ಬಂದಿಲ್ಲ, ಎನ್ನುವಲ್ಲಿದ್ದರು. ಪೀಠದಿಂದ ಮುಂದಿನ ಹೆಸರು ಕರೆದರು. ನನ್ನ ಹೆಡ್‌ಫೋನಿನಲ್ಲಿ ಬೇರೆ ಯಾರದೋ ಹಿಂದಿ ಬಂತು. ಅವರು ಇನ್ನೂ ನಿಂತೇ ಓದುತ್ತಿದ್ದರು. ತುಟಿ ಆಡುತ್ತಿದ್ದದ್ದು ಗಾಜಿನಿಂದ ಕಾಣುತ್ತಿತ್ತು. ಪಕ್ಕದವರು ತೋಳು ಹಿಡಿದು ಕೂರಿಸಿದರು.

ಬೂತಿನ ಹೊರಗೆ ಹಿರಿಯರು, "ಗಾಡಿ ಇನ್ನೂ ಹೊರಟೇ ಇಲ್ಲ, ನೀನು ಊರು ಸೇರಿಬಿಟ್ಟೆಯಲ್ಲಮ್ಮ," ಎಂದರು.

"ಹೌದು ಸರ್."

"ಬೇಕಂತ ಮಾಡಿದ್ಯಾ?"

"ಗೊತ್ತಿಲ್ಲ."

"ಹಾಗೇ ಹೇಳು, ಯಾರಾದ್ರೂ ಕೇಳಿದ್ರೆ. ಯಾರೂ ಕೇಳಲ್ಲ. ಕನ್ನಡ ಗೊತ್ತಿದ್ದು ಇಂಗ್ಲಿಷ್ ಚಾನೆಲ್ ಕೇಳೋನು ಯಾವನಿದಾನೆ."

ಕೇಳುವವರಿಲ್ಲದಿದ್ದರೂ ದಾಖಲೆ ಇದೆ. ಕನ್ನಡದಲ್ಲಿ ಆಡಿದ್ದು ಸದನದ ದಾಖಲೆಯಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗುತ್ತದೆ, ಮತ್ತು ಆ ಇಂಗ್ಲಿಷು ಬೂತಿನಲ್ಲಿ ನಾವು ಹೇಳಿದ್ದು. ಅವರು ಹೇಳಲಾಗದ್ದು ಈಗ ಅವರು ಹೇಳಿದ್ದಾಗಿ ಬರುತ್ತದೆ. ಅಚ್ಚಾಗುವ ಮುಂಚೆ ತಪ್ಪಿದ್ದರೆ ತಿದ್ದಲಿ ಎಂದು ಒಂದು ಪ್ರತಿ ಸದಸ್ಯರಿಗೇ ಹೋಗುತ್ತದೆ. ಆ ರಾತ್ರಿ ದಿನಚರಿಯಲ್ಲಿ "ಮುಂದೆ ಹೋದೆ" ಎಂದು ಬರೆದೆ. ಬೇರೇನೂ ಬರೆದಿಲ್ಲ. ನಿದ್ದೆ ಸರಿಯಾಗಿ ಬಂತು.

ಶನಿವಾರ ಅವರ ಕಾರ್ಯದರ್ಶಿ ಫೋನ್ ಮಾಡಿ ಮನೆಗೆ ಕರೆದ. ಅವನೂ ಅವರ ಊರಿನವನೇ, ಮೊದಲ ಚುನಾವಣೆಯಿಂದ ಜೊತೆಗಿದ್ದವನು. ಹಜಾರದಲ್ಲಿ ಚಾಪೆಗಳಿರಲಿಲ್ಲ. ಗೋಡೆಯ ಪಕ್ಕ ರಟ್ಟಿನ ಪೆಟ್ಟಿಗೆಗಳು, ಒಂದರ ಮೇಲೊಂದು. ತಿದ್ದುವ ಪ್ರತಿ ಊಟದ ಮೇಜಿನ ಮೇಲಿತ್ತು. ಕಾರ್ಯದರ್ಶಿಗೆ ಖುಷಿ.

"ನಿಮ್ಮಿಂದ ದೊಡ್ಡ ಉಪಕಾರ ಆಯ್ತು ಮೇಡಂ. ನಾವೆಲ್ಲ ಹೋಯ್ತು ಅಂದ್ಕೊಂಡಿದ್ವಿ. ಪೂರ್ತಿ ಬಂದೈತೆ ನೋಡ್ರಿ, ಬೇಡಿಕೆ ಸಮೇತ."

ಅವರು ಭೂತಗನ್ನಡಿ ಹಿಡಿದು ಓದುತ್ತಿದ್ದರು. ಓದಿ ಮುಗಿಸಿ ನನ್ನನ್ನು ನೋಡಿದರು.

"ಏನವ್ವ, ನಾನು ಎಲ್ಲೀಗಂಟ ಆಡ್ದೆ?"

"ಇನ್ನೂ ವಾಪಸು ಬಂದಿಲ್ಲ ಅನ್ನೋವರೆಗೆ ಸರ್."

"ಉಳಿದಿದ್ದು?"

"ನಾನು ಓದಿದ್ದು. ನಿಮಗಿಂತ ಮುಂದೆ ಹೋಗ್ಬಿಟ್ಟೆ."

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಏನಾದರೂ ಅನಿಸುತ್ತಿತ್ತೋ ಏನೋ.

ಕಾರ್ಯದರ್ಶಿ ಕುರ್ಚಿ ಎಳೆದುಕೊಂಡು ಕೂತ. "ಸರ್, ಬಿಟ್ಬಿಡ್ರಿ. ಇದು ಅಚ್ಚಾದ್ರೆ ನೀವು ಸದನದಾಗೆ ಕೇಳಿದಂಗೆ. ಇಲಾಖೆಯೋರು ಬರೆದು ಉತ್ತರ ಕೊಡ್ಲೇಬೇಕು. ಇದು ತೆಗೆದ್ರೆ ಉಳಿಯೋದೇನು? ಕ್ಯಾಂಟೀನೋನಿಗೆ ನಮಸ್ಕಾರ."

"ಅದು ಆಡಿದೀನಲ್ಲ."

"ಆಡಿದ್ದು ಆಡದೇ ಇದ್ದಿದ್ದು ಯಾರು ನೋಡ್ತಾರೆ ಸರ್ ದಿಲ್ಲೀಲಿ."

"ದಿಲ್ಲೀಲಿ ಯಾರೂ ನೋಡಲ್ಲ. ಊರಾಗೆ ಎಲ್ರೂ ನೋಡವ್ರೆ. ನನ್ನ ಮೈಕು ಹೋಗಿದ್ದು, ಪಕ್ಕದೋನು ನನ್ನ ಕೂರ್ಸಿದ್ದು ಎಲ್ಲಾ ಅವ್ರ ಮೊಬೈಲ್‌ನಾಗೆ ಐತೆ. ಬುಧವಾರದಿಂದ ಅದನ್ನೇ ಕಳಿಸ್ಕೋತಾ ಅವ್ರೆ. ನಾಳೆ ಇದನ್ನ ತೋರ್ಸಿ ನಾನು ಕೇಳಿದ್ದೆ ಅಂದ್ರೆ ಏನಂತಾರೆ?"

"ನಿಲುಗಡೆ ಬಂದ್ರೆ ಏನೂ ಅನ್ನಲ್ಲ," ಎಂದ ಕಾರ್ಯದರ್ಶಿ.

ಅವರು ಭೂತಗನ್ನಡಿ ಕೆಳಗಿಟ್ಟರು. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಕೆಳಗೆ ರಸ್ತೆಯಲ್ಲಿ ತರಕಾರಿ ಭಯ್ಯಾ ಗಾಡಿ ತಳ್ಳಿಕೊಂಡು ಹೋದ. ನನಗೆ ಇಬ್ಬರ ಮಾತೂ ಸರಿ ಎನಿಸಿತು, ಅಥವಾ ಎರಡಕ್ಕೂ ಏನೂ ಅನಿಸಲಿಲ್ಲ. ಮಧ್ಯಾಹ್ನದ ಮೆಟ್ರೋದಲ್ಲಿ ಸೀಟು ಸಿಗುತ್ತದೆಯೇ ಎಂದು ಯೋಚಿಸಿದ್ದು ನೆನಪಿದೆ.

"ನಾನೇನು ಸತ್ಯವಂತ ಅಲ್ಲ ಕಣೋ," ಎಂದರು ಕೊನೆಗೆ. "ಓಟು ಕೇಳುವಾಗ ಬೇಕಾದಷ್ಟು ಸುಳ್ಳು ಹೇಳಿದೀನಿ, ನೀನೇ ಪಕ್ಕದಾಗೆ ನಿಂತಿದ್ದೆ. ಆದ್ರೆ ಸದನದಾಗೆ ನಿಮಗೋಸ್ಕರ ಬಾಯಿ ತೆಗೆದೆ ಅನ್ನೋದೊಂದು ಸುಳ್ಳು ಹೇಳಿಲ್ಲ. ಅದೊಂದೇ ಇತ್ತು ನಂತಾವ. ಇನ್ನೂ ಐದು ದಿನ ಐತೆ ಅಧಿವೇಶನ. ಕೇಳ್ತೀನಿ, ಬಾಯಲ್ಲೇ."

"ಚೀಟೀಲಿ ಹೆಸರು ಬರದೇ ಇದ್ರೆ?"

"ಬರದೇ ಇದ್ರೆ ಇಲ್ಲ."

ಪೆನ್ನು ತೆಗೆದು, "ಇಲ್ಲಿಂದ ತಾನೆ?" ಎಂದು ನನ್ನನ್ನು ಕೇಳಿದರು. ಅವರು ಆಡಿದ್ದು ಎಲ್ಲಿಗೆ ಮುಗಿಯುತ್ತದೆ ಎಂದು ನಾನು ಬೆರಳಿಟ್ಟು ತೋರಿಸಿದೆ. ಅವರು ಅಲ್ಲಿಂದ ಕೆಳಗೆ ಗೀಟು ಹಾಕುತ್ತಾ ಹೋದರು. ರೋಗಿಗಳು ಹೋದರು, ಸೈನಿಕರು ಹೋದರು. ಬೇಡಿಕೆಯ ಸಾಲಿನ ಮೇಲೂ ಅದೇ ವೇಗದಲ್ಲಿ ಗೀಟು ಹಾಕಿ, ಅಂಚಿನಲ್ಲಿ ಸಹಿ ಮಾಡಿ ಪುಟವನ್ನು ಕಾರ್ಯದರ್ಶಿಯ ಕಡೆ ತಳ್ಳಿದರು. ಅವನು ಅದನ್ನು ತೆಗೆದುಕೊಂಡು ಒಳಗೆ ಹೋದವನು ನಾನು ಹೊರಡುವವರೆಗೆ ಆಚೆ ಬರಲಿಲ್ಲ.

ಊಟ ಮಾಡಿಯೇ ಹೋಗು ಎಂದರು. ಮಾಡಿದೆ. ಸಾರಿಗೆ ಉಪ್ಪು ಕಡಿಮೆಯಾಗಿತ್ತು, ಇಬ್ಬರೂ ಹಾಗೇ ಉಂಡೆವು.

ಸೋಮವಾರದಿಂದ ಅವರು ದಿನಾ ಬೆಳಿಗ್ಗೆ ಹೆಸರು ಕೊಟ್ಟರು. ನಾನು ದಿನಾ ಅದೇ ಪುಟ ತಂದು ಬೂತಿನಲ್ಲಿ ಕೂತೆ. ಈ ಸಲ ಬೇಡಿಕೆಯನ್ನು ಮೊದಲ ವಾಕ್ಯಕ್ಕೆ ತಂದಿದ್ದರು. ನಮಸ್ಕಾರಗಳೆಲ್ಲ ಮುಗಿದವಲ್ಲ, ನೇರ ವಿಷಯಕ್ಕೆ ಬರ್ತೀನಿ ಎಂದು ಹೇಳಿಕಳಿಸಿದ್ದರು. ಸೋಮವಾರ ಚೀಟಿಯಲ್ಲಿ ಬರಲಿಲ್ಲ. ಮಂಗಳವಾರ ಗದ್ದಲವಾಗಿ ಸದನ ಮುಂದಕ್ಕೆ ಹೋಯಿತು. ಬುಧವಾರ, ಗುರುವಾರ ಬರಲಿಲ್ಲ. ನನ್ನ ದಿನಚರಿಯಲ್ಲಿ ಈ ನಾಲ್ಕು ದಿನ ಅವರ ಹೆಸರಿನ ಮುಂದೆ ಸೊನ್ನೆ ಇದೆ.

ಶುಕ್ರವಾರ, ಕೊನೆಯ ದಿನ, ಹೆಸರು ಬಂತು. ಪಟ್ಟಿಯ ಕೆಳಗಿತ್ತು. ಅವರು ಕನ್ನಡಕ ಮೊದಲೇ ಹಾಕಿಕೊಂಡು, ಪ್ರತಿ ಕೈಯಲ್ಲಿ ಹಿಡಿದುಕೊಂಡು ಕುರ್ಚಿಯ ಅಂಚಿನಲ್ಲಿ ಕೂತಿದ್ದರು. ಹಿರಿಯರು ನನ್ನ ಪಕ್ಕದಲ್ಲಿ ಬಂದು ಕೂತರು, ಅವತ್ತು ಅವರ ಸರದಿ ಇಲ್ಲದಿದ್ದರೂ. "ಅವ್ರ ಬಾಯಿ ನೋಡ್ತಾ ಇರು, ಕಾಗದ ನೋಡ್ಬೇಡ," ಎಂದರು. ಒಬ್ಬೊಬ್ಬರೇ ಎದ್ದು ಮಾತಾಡಿದರು. ಕೊನೆಯ ದಿನವಾದ್ದರಿಂದ ಎಲ್ಲರೂ ಧನ್ಯವಾದ ಹೇಳುತ್ತಿದ್ದರು, ಪೀಠದಲ್ಲಿದ್ದವರೂ ಯಾರನ್ನೂ ಅರ್ಧಕ್ಕೆ ತಡೆಯಲಿಲ್ಲ. ಪಟ್ಟಿಯಲ್ಲಿ ಇವರಿಗಿಂತ ಮೂರು ಹೆಸರು ಮೇಲಿದ್ದವರು ಮಾತು ಮುಗಿಸಿದಾಗ ಶೂನ್ಯವೇಳೆ ಮುಗಿಯಿತು ಎಂದು ಪ್ರಕಟಿಸಿದರು.

ಅವರು ಎದ್ದು ಕೈ ಎತ್ತಿದರು. ಪೀಠದಿಂದ ಏನೋ ಸೌಮ್ಯವಾಗಿ ಹೇಳಿದರು. ಬರವಣಿಗೆಯಲ್ಲಿ ಕೊಡಿ, ದಾಖಲೆಗೆ ತೆಗೆದುಕೊಳ್ಳುತ್ತೇವೆ ಎಂದು. ಅವರು ಕೈಯಲ್ಲಿದ್ದ ಪುಟವನ್ನು ನೋಡಿದರು. ಇಡುತ್ತಾರೆ ಎಂದುಕೊಂಡೆ. ಅದನ್ನು ನಾಲ್ಕು ಮಡಿಕೆ ಮಾಡಿ ಜುಬ್ಬಾದ ಜೇಬಿಗೆ ಹಾಕಿ ಕೂತರು.

ಮಧ್ಯಾಹ್ನ ಸದನ ಅನಿರ್ದಿಷ್ಟ ಕಾಲಕ್ಕೆ ಮುಂದೂಡಲ್ಪಟ್ಟಿತು. ನಾನು ಮೈಕಿನ ಸ್ವಿಚ್ಚು ಆರಿಸಿದೆ.

ಚುನಾವಣೆಯವರೆಗೆ ಫ್ಲಾಟಿನಲ್ಲಿರಬಹುದಿತ್ತು. ಅವರು ಮರುವಾರವೇ ಹೊರಟರು. ಬೆಳಿಗ್ಗೆ ನಿಜಾಮುದ್ದೀನ್ ಸ್ಟೇಷನ್ನಿಗೆ ನಾನೂ ಹಿರಿಯರೂ ಹೋಗಿದ್ದೆವು. ಪೆಟ್ಟಿಗೆಗಳನ್ನು ಜೊತೆಗೆ ಹೊರಟಿದ್ದ ಕಾರ್ಯದರ್ಶಿ ಲಾರಿಯಲ್ಲಿ ಮೊದಲೇ ಕಳಿಸಿದ್ದ. ಅವರ ಜೊತೆ ಒಂದು ಸೂಟ್‌ಕೇಸು, ಒಂದು ಬುತ್ತಿ. ಅವರ ಊರಿನಲ್ಲಿ ನಿಲ್ಲದ ಅದೇ ರೈಲು.

ಹಿರಿಯರು, "ವಿಮಾನದಲ್ಲಿ ಹೋಗ್ಬಹುದಿತ್ತಲ್ಲ ಸರ್, ಇನ್ನೂ ಪಾಸ್ ಇದೆಯಲ್ಲ," ಎಂದರು.

"ವಿಮಾನ ಇಳಿಯೋದು ಇನ್ನೂ ದೂರ ಸ್ವಾಮಿ. ಇದು ಪರವಾಗಿಲ್ಲ, ಊರಿನ ಮುಂದೇನೇ ಹೋಗ್ತೈತೆ." ನನ್ನ ಕಡೆ ತಿರುಗಿ, "ಇನ್ಮೇಲೆ ಯಾರ ಜಗಳ ಆಡ್ತೀಯವ್ವ?" ಎಂದರು.

"ಯಾರು ಬರ್ತಾರೋ ಅವರದು ಸರ್."

"ಹಂಗೇ ಮಾಡು. ಸ್ವಲ್ಪ ಹಿಂದೇನೇ ಇರು, ಮುಂದೆ ಹೋಗ್ಬೇಡ," ಎಂದು ನಕ್ಕರು. ಕಾರ್ಯದರ್ಶಿ ನಗಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಮರುದಿನ ಸಂಜೆ ನಾಲ್ಕೂವರೆಗೆ ಫೋನ್ ಬಂತು. ಅಧಿವೇಶನ ಇಲ್ಲದ್ದರಿಂದ ನಾನು ಮುನಿರ್ಕಾದ ಕೋಣೆಯಲ್ಲಿ ಬಟ್ಟೆ ಮಡಿಚುತ್ತಿದ್ದೆ. ಮೊದಲು ಬರೀ ಗಾಳಿಯ ಸದ್ದು.

"ಕೇಳ್ತೈತಾ? ಬಾಗಿಲ ಹತ್ರ ನಿಂತಿದೀನಿ. ಊರು ಬಂತು."

"ಹುಷಾರು ಸರ್, ಕಂಬಿ ಹಿಡ್ಕೊಳ್ಳಿ."

"ಹಿಡ್ಕೊಂಡಿದೀನಿ. ಗೇಟು ದಾಟ್ತು. ಅಂಡರ್‌ಪಾಸ್ ಒಣಗೈತೆ." ಮತ್ತೆ ಗಾಳಿಯ ಸದ್ದು. "ಅಯ್ಯೋ, ಇವ್ರಿಗೆ ಹೇಳಿದ್ದೆ ಕಣವ್ವ, ಜಂಕ್ಷನ್‌ಗೆ ಬರ್ರಿ ಅಂತ. ಇಲ್ಲೇ ನಿಂತವ್ರೆ. ಪ್ಲಾಟ್‌ಫಾರಂ ತುಂಬ. ಹಾರ ಹಿಡ್ಕೊಂಡವ್ರೆ."

ಇಂಜಿನ್ನಿನ ಹಾರ್ನು ಉದ್ದಕ್ಕೆ ಕೇಳಿಸಿತು. ಅದರಡಿಯಲ್ಲಿ ಜನರ ಕೂಗಿನಂಥದ್ದು ಒಂದು ಕ್ಷಣ ಜೋರಾಗಿ ಬಂದು ಹಿಂದಕ್ಕೆ ಹೋಯಿತು.

"ಕೈ ಮಾಡಿದ್ರು," ಎಂದರು. "ನಾನೂ ಮಾಡ್ದೆ. ಆಯ್ತು, ದಾಟ್ತು."

"ಎಷ್ಟು ಜನ ಇದ್ರು ಸರ್?" ಎಂದು ಕೇಳಿದೆ.

"ಎಣಿಸೋಕೆ ಎಲ್ಲಿ ಬಿಡ್ತೈತೆ, ಇಷ್ಟು ಜೋರಾಗಿ ಓಡ್ತಾ ಇದ್ರೆ." ಆಮೇಲೆ, "ಜಂಕ್ಷನ್‌ಗೆ ಇನ್ನೆಷ್ಟು ಹೊತ್ತು ಐತೆ, ನಿನ್ನ ಫೋನ್‌ನಾಗೆ ನೋಡಿ ಹೇಳವ್ವ. ಇವನು ಮಲಗವ್ನೆ."

ನೋಡಿದೆ. ಐವತ್ತು ನಿಮಿಷ ಎಂದು ತೋರಿಸುತ್ತಿತ್ತು. ಹೇಳಿದೆ.

"ಹಂಗಾದ್ರೆ ಒಳಗೆ ಹೋಗಿ ಕೂತ್ಕೊಂತೀನಿ," ಎಂದರು.